ಓಬಳೇಶ ಕಟ್ಟಿದ ಮೈತ್ರಿಕೂಟ

ಮಂಡಕ್ಕಿ ಬಾಯಿಗೆ ಹಾಕ್ಕೊಂಡು ಕೂತಿರೋರು ಮೊದಲು ಅದನ್ನ ನುಂಗಿಬಿಡ್ರಪ್ಪಾ. ನಕ್ಕು ನೆತ್ತಿಗೇರಿಸ್ಕೊಂಡ್ರೆ ನಾನು ಹೊಣೆ ಅಲ್ಲ. ನುಂಗಿದ್ರಾ? ಹಂಗಾದ್ರೆ ಕೇಳಿ.

ಹೊಂಗೆಕಟ್ಟೆ ಅಂತ ಒಂದು ಪಟ್ಟಣ. ಊರ ಹೆಸರಿನ ಬೋರ್ಡಿನ ಮುಂದೆ ನಿಂತು ನೋಡಿದ್ರೆ ಪಟ್ಟಣ, ಬೋರ್ಡಿನ ಹಿಂದಕ್ಕೆ ಹೋದ್ರೆ ಹಳ್ಳಿ. ಅಲ್ಲಿ ಬೋರಕ್ಕ ಅಂತ ಒಬ್ಬಳು. ತಲೆ ಮೇಲೆ ಚೀಲ ಹೊತ್ಕೊಂಡು ಬೀದಿ ಬೀದಿ ಮಂಡಕ್ಕಿ ಮಾರೋಳು. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಇದ್ದೋನು ಒಬ್ಬನೇ ಮಗ, ಓಬಳೇಶ. ವಯಸ್ಸು ಮೂವತ್ತು. ಕೈಕಾಲು ಗಟ್ಟಿ, ಮನಸ್ಸು ಹಾಲಿನಂಥದ್ದು. ತಲೆ ಮಾತ್ರ ದೇವರು ಅವಸರದಾಗೆ ಮಾಡಿ ಕಳಿಸಿದ್ದ.

"ಓಬಳೇಶಾ, ಬಾಗಿಲು ನೋಡ್ಕೊಂಡಿರು, ಸಂತೆಗೆ ಹೋಗಿ ಬರ್ತೀನಿ" ಅಂತ ಬೋರಕ್ಕ ಒಂದಿನ ಹೇಳಿ ಹೋದಳು. ಇವನು ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ. ಬಾಗಿಲನ್ನೇ ನೋಡಿದ. ಹಿತ್ತಲ ಕಡೆಯಿಂದ ಪಕ್ಕದ ಮನೆ ಹಸು ನುಗ್ಗಿ ಒಂದು ಮೂಟೆ ಮಂಡಕ್ಕಿ ಮೇಯ್ತು. ಇವನು ಬಾಗಿಲ ಮೇಲಿಂದ ಕಣ್ಣು ಕೀಳಲಿಲ್ಲ.

"ಅಯ್ಯೋ ನನ್ನ ಕರ್ಮವೇ! ಏನು ಮಾಡ್ದೆಯೋ?"

"ನೀನು ಹೇಳಿದಂಗೇ ಮಾಡ್ದೆ ಕಣವ್ವಾ!"

"ಹೇಳಿದಂಗೆ ಮಾಡಬೇಡ್ವೋ, ತಿಳ್ಕೊಂಡು ಮಾಡೋ!"

"ಹೂಂ ಕಣವ್ವಾ. ಮುಂದಿನ ಸಲ."

ಹಿಂಗಿದ್ದ ಮಗನ್ನ ಇಟ್ಕೊಂಡು ಬೋರಕ್ಕ ಚುನಾವಣೆಗೆ ನಿಂತಳು ಅಂದ್ರೆ ನಂಬ್ತೀರಾ? ನಿಲ್ಲಬೇಕಾಗಿ ಬಂತು. ಊರ ನಡುವೆ ಒಂದು ಹಳ್ಳ. ಅದರ ಮೇಲಿದ್ದ ಹಳೇ ಸೇತುವೆ ಕುಸಿದು ಬಿದ್ದು, ಕಲ್ಲೆಲ್ಲ ಹಳ್ಳದಾಗೇ ಬಿದ್ಕೊಂಡು ಆರು ವರ್ಷ. ಎರಡೂ ದಡದಾಗೆ ಮನೆಗಳು, ಸ್ಕೂಲು, ಆಸ್ಪತ್ರೆ ಮಾತ್ರ ಆ ದಡದಾಗೆ. ಮಕ್ಕಳು ಪುಸ್ತಕದ ಚೀಲ ತಲೆ ಮೇಲೆ ಇಟ್ಕೊಂಡು ನೀರಾಗೆ ನಡೀತಿದ್ರು. ಒಂದಿನ ನೀರು ಜೋರಾಗಿ ಬಂದು ಬೋರಕ್ಕನ ಮಂಡಕ್ಕಿ ಚೀಲ ತೇಲಿಹೋಯ್ತು. ಅವಳು ಜಾಲಿಗಿಡ ಹಿಡ್ಕೊಂಡು ಅರ್ಧ ಗಂಟೆ ನೇತಾಡಿ ಉಳಿದಳು. ದಡಕ್ಕೆ ಬಂದೋಳೇ, ಕೈಯಾಗೆ ಚುಚ್ಚಿದ ಮುಳ್ಳೂ ಕೀಳದೆ, "ಈ ಸಲ ನಾನೇ ನಿಲ್ತೀನಿ" ಅಂದಳು.

ನಿಂತಳು. ಗೆದ್ದೂಬಿಟ್ಟಳು!

ಗೆದ್ದ ಮೇಲೆ ಶುರುವಾಯ್ತು ನೋಡಿ ತಮಾಷೆ. ಪಟ್ಟಣ ಪಂಚಾಯ್ತಿಯಾಗೆ ಹನ್ನೊಂದು ಜನ ಸದಸ್ಯರು. ಬುಗುರಿ ಗುರ್ತಿನ ಪಕ್ಷಕ್ಕೆ ಐದು ಜನ, ಕೊಡೆ ಗುರ್ತಿನ ಪಕ್ಷಕ್ಕೆ ಐದು ಜನ. ಉಳಿದೋಳು ಪಕ್ಷೇತರ ಬೋರಕ್ಕ ಒಬ್ಬಳೇ. ಯಾರಿಗೂ ಬಹುಮತ ಇಲ್ಲ. ಬುಗುರಿಯವರಿಗೆ ರುದ್ರಮುನಿ ಮುಖಂಡ, ಕೊಡೆಯವರಿಗೆ ವೀರಾರೆಡ್ಡಿ. ಇಬ್ಬರಿಗೂ ಅಧ್ಯಕ್ಷನಾಗೋ ಆಸೆ. ಅಧ್ಯಕ್ಷ ಇಲ್ಲದೆ ಒಂದು ಬೀದಿ ದೀಪಕ್ಕೂ ಸಹಿ ಬೀಳಂಗಿಲ್ಲ.

"ನೀನು ಯಾರ ಕಡೆಗಾದ್ರೂ ಹೋಗಿಬಿಡು ಬೋರಕ್ಕಾ, ಮುಗೀತು" ಅಂತ ಊರೋರು ಹೇಳಿದ್ರು.

"ಹೆಂಗೆ ಮುಗೀತದೆ? ಈ ದಡ ಬುಗುರಿಯವರ ವಾರ್ಡು, ಆ ದಡ ಕೊಡೆಯವರ ವಾರ್ಡು. ಒಬ್ಬರ ಕಡೆ ಹೋದ್ರೆ ಇನ್ನೊಬ್ರು ಅವರ ದಡದಾಗೆ ಒಂದು ಕಲ್ಲು ಇಡಕ್ಕೆ ಬಿಡಲ್ಲ. ಒಂದೇ ದಡದ ಸೇತುವೆ ಎಲ್ಲಾದ್ರೂ ನೋಡಿದೀರಾ?" ಅಂದಳು ಬೋರಕ್ಕ. ಯಾರೂ ನೋಡಿರಲಿಲ್ಲ.

ಒಂದಿನ ರುದ್ರಮುನಿ ಬಿಳೀ ಶರ್ಟು ಹಾಕ್ಕೊಂಡು ಮನೆಗೆ ಬಂದ. "ಬೋರಕ್ಕಾ, ನಮಗೂ ನಿನಗೂ ಒಂದು ಅಲಯನ್ಸ್ ಆಗಿಬಿಡ್ಲಿ. ನಿನ್ನ ಕಡೆಯೋರನ್ನ ಯಾರನ್ನಾದ್ರೂ ಮನೆಗೆ ಕಳಿಸು, ಕೂತು ಮಾತಾಡಾಣ" ಅಂತ ಹೇಳಿ ಹೋದ.

ಬೋರಕ್ಕನಿಗೆ ಕನ್ನಡ ಓದಕ್ಕೆ ಬರ್ತಿತ್ತು, ಇಂಗ್ಲಿಷು ಬರ್ತಿರಲಿಲ್ಲ. ಮಾರನೇ ದಿನ ಬೆಳಗ್ಗೆ, "ಓಬಳೇಶಾ, ಖಲಂದರ್ ಮೇಷ್ಟ್ರ ಹತ್ರ ಹೋಗು. ಅಲಯನ್ಸ್ ಅಂದ್ರೇನು ಅಂತ ಕೇಳ್ಕೋ. ಅವರು ಏನು ಅಂತಾರೋ ಅದಕ್ಕೆ ತಕ್ಕಂಗೆ ರುದ್ರಮುನಿಯವರ ಮನೆಗೆ ಹೋಗಿ ಮರ್ಯಾದೆಯಿಂದ ಮಾತಾಡು" ಅಂದು ಚೀಲ ಹೊತ್ಕೊಂಡು ವ್ಯಾಪಾರಕ್ಕೆ ಹೋದಳು.

ಖಲಂದರ್ ಮೇಷ್ಟ್ರು ಹೈಸ್ಕೂಲಿನಾಗೆ ಇಂಗ್ಲಿಷ್ ಹೇಳಿ ರಿಟೈರ್ ಆದೋರು. ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ರು.

"ಮೇಷ್ಟ್ರೇ, ಅಲಯನ್ಸ್ ಅಂದ್ರೇನ್ರೀ?"

"ಅಲಯನ್ಸಾ? ಸಂಬಂಧ ಕಣಯ್ಯಾ. ನೋಡು, ಪೇಪರಿನಾಗೆ ಹಾಕಿದಾರಲ್ಲ, ವರ ಬೇಕು, ವಧು ಬೇಕು, ಅಲಯನ್ಸ್ ಕೇಳಿ ಬನ್ನಿ ಅಂತ. ಅದೇ ಪಕ್ಷಗಳ ವಿಚಾರ ಆದ್ರೆ..." ಅಂತ ಮೇಷ್ಟ್ರು ಕನ್ನಡಕ ಒರೆಸಿ ಹಾಕ್ಕೊಂಡು ನೋಡ್ತಾರೆ, ಓಬಳೇಶ ಎಲ್ಲಿದಾನೆ? ಆಗಲೇ ಬೀದಿ ತಿರುವಿನಾಗೆ!

ಮನೆಗೆ ಬಂದ. ತಟ್ಟೆ ತೆಗೆದ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ, ಒಂದು ಮೊಳ ಮಲ್ಲಿಗೆ ಹೂವು ಇಟ್ಟ. ರುದ್ರಮುನಿ ಮನೆ ಬಾಗಿಲು ತಟ್ಟಿದ. ಹೆಂಡತಿ ಸರ್ವಮಂಗಳಮ್ಮ ಬಾಗಿಲು ತೆಗೆದಳು.

"ಏನಪ್ಪಾ ಇದೆಲ್ಲ?"

"ಸಂಬಂಧ ಮಾತಾಡಕ್ಕೆ ಬಂದೀನ್ರೀ."

"ಸಂಬಂಧವಾ! ನಮ್ಮನೇಲಿ ಮದುವೆ ವಯಸ್ಸಿನ ಹುಡುಗೀನೂ ಇಲ್ಲ, ಹುಡುಗನೂ ಇಲ್ಲವಲ್ಲಪ್ಪ. ಯಾರಿಗೆ?"

"ನಿಮ್ಮ ಯಜಮಾನ್ರಿಗೆ ಕಣ್ರೀ. ನಿನ್ನೆ ಅವರೇ ಮನೆಗೆ ಬಂದು ನಮ್ಮವ್ವನ್ನ ಕೇಳಿದ್ರು."

ಸರ್ವಮಂಗಳಮ್ಮ ತಟ್ಟೆ ನೋಡಿದಳು. ಹೂವು ನೋಡಿದಳು. ಹಿತ್ತಲಿನಾಗೆ ಗಡ್ಡ ಕೆರೆಯೋ ಗಂಡನ ಕಡೆ ತಿರುಗಿದಳು. ಆಮೇಲೆ ಏನಾಯ್ತು ಅಂತ ನಾನು ಹೇಳಬೇಕಾ? ರುದ್ರಮುನಿ ಅರ್ಧ ಕೆನ್ನೆಗೆ ಸೋಪು ಬಳ್ಕೊಂಡು, ಟವೆಲ್ಲಿನಾಗೆ ಬೀದಿಗೆ ಓಡಿ ಬಂದ. ಹಿಂದೆ ಒಂದು ಚೊಂಬು ಬಂತು, ಅದರ ಹಿಂದೆ ಸರ್ವಮಂಗಳಮ್ಮನೇ ಬಂದಳು. ಊರೆಲ್ಲ ನೋಡ್ತು!

ಬೋರಕ್ಕ ಹಣೆ ಹಣೆ ಬಡ್ಕೊಂಡಳು. "ಲೋ, ನಾನು ಈ ವಯಸ್ಸಿನಾಗೆ ಮದುವೆ ಆಗಬೇಕೇನೋ! ಪಕ್ಷದೋರ ಅಲಯನ್ಸ್ ಅಂದ್ರೆ ಮದುವೆ ಅಲ್ವೋ! ಒಬ್ಬರಿಗೊಬ್ರು ಕೈ ಜೋಡಿಸೋದು! ಗಟ್ಟಿಯಾಗಿ ಕೈ ಹಿಡ್ಕೊಂಡು, ಏನೇ ಬಂದ್ರೂ ಬಿಡಬಾರದು. ತಿಳೀತಾ?"

"ತಿಳೀತು ಕಣವ್ವಾ. ಕೈ ಹಿಡ್ಕೋಬೇಕು. ಬಿಡಬಾರದು."

ಎರಡು ದಿನ ಆಯ್ತು. ಬುಗುರಿಯವರ ಗಲಾಟೆ ಕೇಳಿ ಕೊಡೆಯವರಿಗೆ ಖುಷಿಯೋ ಖುಷಿ. ವೀರಾರೆಡ್ಡಿ ಸ್ಕೂಟರಿನಾಗೆ ಬಂದ. ಬೋರಕ್ಕ ಮನೇಲಿರಲಿಲ್ಲ. ಓಬಳೇಶ ಇದ್ದ.

"ಏನಪ್ಪಾ ಓಬಳೇಶಾ, ಅವ್ವ ಬಂದ್ರೆ ಹೇಳು, ನಮ್ಮ ಜೊತೆ ಅಲಯನ್ಸ್ ಮಾಡ್ಕೊಂಡ್ರೆ ಸೇತುವೆ ನೋಡೋಣ ಅಂತ" ಅಂದು ರೆಡ್ಡಿ ನಗ್ತಾ ಕೈ ಕೊಟ್ಟ.

ಕೊಟ್ಟ ಕೈ ಓಬಳೇಶ ಹಿಡ್ಕೊಂಡ. ಗಟ್ಟಿಯಾಗಿ ಹಿಡ್ಕೊಂಡ!

"ಆಯ್ತಪ್ಪಾ, ಬಿಡು."

"ಬಿಡಂಗಿಲ್ರೀ."

"ತಮಾಷೆ ಸಾಕು, ಬಿಡೋ ಮಾರಾಯಾ!"

"ಏನೇ ಬಂದ್ರೂ ಬಿಡಬಾರದಂತೆ ರೆಡ್ಡೇರೇ. ಅಲಯನ್ಸು!"

ರೆಡ್ಡಿ ಎಳೆದ. ಇವನು ಬಿಡಲಿಲ್ಲ. ರೆಡ್ಡಿ ಬೈದ. ಇವನು ಬಿಡಲಿಲ್ಲ. ಒಂದು ಕೈಯಾಗೆ ಸ್ಕೂಟರ್ ಹೊಡೆಯಕ್ಕಾಗ್ತದಾ? ಸ್ಕೂಟರ್ ಅಲ್ಲೇ ಬಿಟ್ಟು ರೆಡ್ಡಿ ನಡೆದ, ಜೊತೆಗೆ ಇವನೂ ನಡೆದ. ಹೋಟೆಲಿಗೆ ಹೋದ್ರೆ ಹೋಟೆಲಿಗೆ. ರೆಡ್ಡಿ ಎಡಗೈಯಾಗೆ ಕಾಫಿ ಕುಡಿದ. ಕೊನೆಗೆ ಬೋರಕ್ಕ ಬಜಾರಿನಾಗೆ ಸಿಕ್ಕು, ಚೀಲ ಕೆಳಗಿಟ್ಟು, ಮಗನ ಬೆರಳು ಒಂದೊಂದಾಗಿ ಬಿಡಿಸಿದಳು.

ಅಷ್ಟ್ರಾಗೆ ಊರ ತುಂಬ ಸುದ್ದಿ. "ಬೋರಕ್ಕನ ಮಗ ರೆಡ್ಡಿ ಕೈ ಹಿಡ್ಕೊಂಡು ಮೆರವಣಿಗೆ ಹೋದನಂತೆ! ಬೋರಕ್ಕ ಕೊಡೆ ಪಕ್ಷ ಸೇರಿದಳಂತೆ!" ಬುಗುರಿಯವರು ಅವಳ ಮನೆ ಮುಂದೆ ನಿಂತು ಧಿಕ್ಕಾರ ಕೂಗಿದ್ರು. ರೆಡ್ಡಿ ಕೈಗೆ ಎಣ್ಣೆ ತಿಕ್ಕಿಸ್ಕೊಂಡು, "ಇನ್ನು ಆ ಮನೆ ಕಡೆ ಕಾಲಿಡಲ್ಲ" ಅಂದ.

"ಅಯ್ಯೋ ನನ್ನ ಮಗನೇ, ಏನು ಮಾಡ್ದೆಯೋ!"

"ನೀನು ಹೇಳಿದಂಗೇ ಮಾಡ್ದೆ ಕಣವ್ವಾ!"

ಬೋರಕ್ಕನಿಗೆ ಅಳು ಬಂತು. ಈ ಸಲ ತಾನೇ ಮಗನ್ನ ಕರ್ಕೊಂಡು ಮೇಷ್ಟ್ರ ಹತ್ರ ಹೋದಳು. "ಮೇಷ್ಟ್ರೇ, ಯಾರ ಪಕ್ಷಕ್ಕೂ ಸೇರದಂಗೆ, ಯಾರನ್ನೂ ಬೀಳಿಸದಂಗೆ ಇರಕ್ಕೆ ಇಂಗ್ಲಿಷಿನಾಗೆ ಏನಾದ್ರೂ ಮಾತೈತಾ?"

"ಇದೆಯಲ್ಲಮ್ಮಾ. ಔಟ್‌ಸೈಡ್ ಸಪೋರ್ಟ್ ಅಂತಾರೆ. ಬಾಹ್ಯ ಬೆಂಬಲ. ಒಳಗೆ ಹೋಗಿ ಅಧಿಕಾರದಾಗೆ ಕೂರೋದಿಲ್ಲ, ಹೊರಗಿದ್ದೇ ಬೀಳದಂಗೆ ಆಸರೆ ಕೊಡೋದು. ಆ ಬೆಂಬಲ ವಾಪಸ್ ತಗೊಂಡ್ರೆ ಸರ್ಕಾರ ಬಿದ್ದುಹೋಗ್ತದೆ" ಅಂದ್ರು ಮೇಷ್ಟ್ರು.

"ಕೇಳಿಸ್ತೇನೋ? ಯಾರ ಕೈನೂ ಹಿಡೀಬೇಡ. ನಾಳೆ ಅಧ್ಯಕ್ಷರ ಚುನಾವಣೆ ಸಭೆ. ನೀನು ಒಳಗೆ ಬರಬೇಡ. ಹೊರಗೇ ಇರು."

"ಹೂಂ ಕಣವ್ವಾ. ಹೊರಗಿದ್ದು ಆಸರೆ ಕೊಡ್ತೀನಿ. ಬೀಳಕ್ಕೆ ಬಿಡಲ್ಲ."

ಸಭೆ ಸೇರ್ತು. ತಹಶೀಲ್ದಾರ್ರು ಬಂದ್ರು. ಹನ್ನೊಂದು ಜನ ಒಳಗೆ ಹೋದ್ರು. ಓಬಳೇಶ ಪಂಚಾಯ್ತಿ ಆಫೀಸಿನ ಸುತ್ತ ಒಂದು ಸುತ್ತು ಬಂದ. ಎಲ್ಲಾ ಗೋಡೆ ಗಟ್ಟಿ ಇದ್ವು. ಬಾಗಿಲು ಮಾತ್ರ ಹಳೇದು, ಅಲ್ಲಾಡ್ತಿತ್ತು, ಹೊರಗಡೆಗೆ ವಾಲಿತ್ತು. 'ಇದು ಬಿದ್ರೆ ಸರ್ಕಾರನೇ ಬೀಳ್ತದೆ' ಅಂದ್ಕೊಂಡು ಒಂದು ದೊಡ್ಡ ತೊಲೆ ತಂದು ಬಾಗಿಲಿಗೆ ಅಡ್ಡ ಕೊಟ್ಟ. ಸಾಲದು ಅಂತ ತಾನೂ ಬೆನ್ನು ಕೊಟ್ಟು ನಿಂತ.

ಒಳಗೆ ಹತ್ತು ನಿಮಿಷಕ್ಕೇ ಜಗಳ. ಹಿಂದಿನ ಎರಡು ಸಭೇಲೂ ಹಿಂಗೇ ಆಗಿತ್ತು. ಒಬ್ರು ಬೈಯೋದು, ಇನ್ನೊಬ್ರು ಎದ್ದು ಹೋಗೋದು, ಸಭೆ ಮುಗಿಯೋದು.

"ಈ ಸಭೇಲಿ ನಮಗೆ ಮರ್ಯಾದೆ ಇಲ್ಲ! ಸಭಾತ್ಯಾಗ!" ಅಂತ ರುದ್ರಮುನಿ ಎದ್ದ. ಹಿಂದೆ ನಾಲ್ಕು ಜನ ಎದ್ರು. ಬಾಗಿಲು ತಳ್ಳಿದ್ರು. ಬರಲಿಲ್ಲ.

"ನೀವೇನ್ರೀ ತ್ಯಾಗ ಮಾಡೋದು, ನಾವು ಮಾಡ್ತೀವಿ!" ಅಂತ ವೀರಾರೆಡ್ಡಿ ಎದ್ದ. ಅವನೂ ಸೇರಿ ಅವನ ಕಡೆ ಐದು ಜನನೂ ತಳ್ಳಿದ್ರು. ಬರಲಿಲ್ಲ. ಆಮೇಲೆ ಹತ್ತೂ ಜನ ಸೇರಿ, ಒಂದು ಎರಡು ಮೂರು ಅಂತ ಎಣಿಸಿ ತಳ್ಳಿದ್ರು. ಹೊಂಗೆಕಟ್ಟೆ ಇತಿಹಾಸದಾಗೆ ಎರಡು ಪಕ್ಷದೋರು ಒಂದೇ ಕಡೆ ಬಲ ಹಾಕಿದ್ದು ಅದೇ ಮೊದಲು! ಆದ್ರೂ ಬರಲಿಲ್ಲ.

"ಹೊರಗೆ ಯಾರೋ ಅದು?"

"ನಾನು ಕಣ್ರೀ, ಓಬಳೇಶ! ಬೆಂಬಲ ಕೊಡ್ತಾ ಇದೀನಿ!"

"ತೆಗೆಯೋ ಅದನ್ನ!"

"ತೆಗೆಯಂಗಿಲ್ರೀ! ಬೆಂಬಲ ವಾಪಸ್ ತಗೊಂಡ್ರೆ ಸರ್ಕಾರ ಬೀಳ್ತದಂತೆ!"

"ಓಬಳೇಶಾ, ನಾನು ಕಣೋ ನಿಮ್ಮವ್ವ! ತೆಗೆಯೋ!" ಅಂತ ಬೋರಕ್ಕ ಕೂಗಿದಳು.

"ಅವ್ವಾ, ನನ್ನ ಪರೀಕ್ಷೆ ಮಾಡಬೇಡ! ಈ ಸಲ ನಾನು ತಿಳ್ಕೊಂಡೇ ಮಾಡ್ತಿರೋದು!"

ಮಧ್ಯಾಹ್ನ ಆಯ್ತು. ಹೊಟ್ಟೆ ಹಸೀತು. ಒಳಗೆ ಬೋರಕ್ಕನ ಚೀಲದಾಗೆ ಮಂಡಕ್ಕಿ ಇತ್ತು, ವೀರಾರೆಡ್ಡಿ ಹತ್ರ ಒಂದು ಡಬ್ಬಿ ಬುತ್ತಿ ಇತ್ತು. ರುದ್ರಮುನಿ ಮಾತ್ರ, ಹೆಂಡತಿ ಮನೆಯಿಂದ ಹೊರಗೆ ಹಾಕಿದಾಗಿಂದ, ಸರಿಯಾಗಿ ಊಟ ಮಾಡಿರಲಿಲ್ಲ. ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದ. ರೆಡ್ಡಿ ಸ್ವಲ್ಪ ಹೊತ್ತು ನೋಡಿ, ಡಬ್ಬಿ ಮುಚ್ಚಳದಾಗೆ ಒಂದು ಮುದ್ದೆ, ಸಾರು ಹಾಕಿ ಮೆಲ್ಲಗೆ ಅವನ ಕಡೆ ಸರಿಸಿದ. ರುದ್ರಮುನಿ ಕಿಟಕಿ ಕಡೆಯಿಂದ ಮುಖ ತಿರುಗಿಸಲಿಲ್ಲ. ಆದ್ರೆ ಮುಚ್ಚಳ ಖಾಲಿ ಆಯ್ತು.

ಸಾಯಂಕಾಲ ಪೊಲೀಸರು ಬಂದು ತೊಲೆ ತೆಗೆದ್ರು. ತಹಶೀಲ್ದಾರ್ರು ಬೆವರು ಒರೆಸ್ಕೊಂಡು ಹೊರಗೆ ಬಂದ್ರು. "ಬರೋ ಸೋಮವಾರ ಕೊನೇ ಸಭೆ. ಅವತ್ತೂ ಅಧ್ಯಕ್ಷರು ಆಗಲಿಲ್ಲ ಅಂದ್ರೆ ನಿಮ್ಮ ಹಳ್ಳಕ್ಕೆ ಸರ್ಕಾರ ಮಂಜೂರು ಮಾಡಿರೋ ಸೇತುವೆ ದುಡ್ಡು ಬೇರೆ ಊರಿಗೆ ಹೋಗ್ತದೆ. ಅಷ್ಟ್ರಾಗೆ ನೀವೆಲ್ಲ ಸೇರಿ ಒಂದು ಕಾಮನ್ ಮಿನಿಮಮ್ ಪ್ರೋಗ್ರಾಂ ಮಾಡ್ಕೊಂಡು ಬನ್ನಿ. ಮತ್ತೆ ಇವನನ್ನ ಮಾತ್ರ ಈ ಬಾಗಿಲ ಹತ್ರ ಸೇರಿಸಬೇಡಿ!"

ಬೋರಕ್ಕ ಮಗನಿಗೆ ಬೈದಳು, ಬೆನ್ನಿಗೊಂದು ಗುದ್ದಿದಳು, ಆಮೇಲೆ ಅನ್ನ ಹಾಕಿದಳು. ಬೆಳಗ್ಗೆ ಎದ್ದು ಮತ್ತೆ ಮೇಷ್ಟ್ರ ಮನೆ.

"ಕಾಮನ್ ಮಿನಿಮಮ್ ಪ್ರೋಗ್ರಾಂ ಅಂದ್ರೆ ಸುಲಭ ಬೋರಮ್ಮಾ. ನಮ್ಮ ನಮ್ಮ ಜಗಳ ಆಚೆಗಿಟ್ಟು, ಎಲ್ಲರಿಗೂ ಇರೋ ಕಷ್ಟ ಕಡೇಪಕ್ಷ ಒಂದಾದ್ರೂ ಹುಡುಕಿ, ಅದನ್ನ ಒಟ್ಟಿಗೆ ಸರಿ ಮಾಡ್ತೀವಿ ಅಂತ ಒಪ್ಪೋದು."

ಬೋರಕ್ಕ ಯೋಚನೆ ಮಾಡಿದಳು. ತಾನು ಹೋದ್ರೆ ಹತ್ತು ಜನರಾಗೆ ಒಬ್ಬರೂ ಬಾಗಿಲು ತೆಗೆಯಲ್ಲ. ಓಬಳೇಶ ಹೋದ್ರೆ ನಗಕ್ಕಾದ್ರೂ ತೆಗೀತಾರೆ. "ಲೋ, ಹತ್ತೂ ಜನರ ಮನೆಗೆ ಹೋಗು. ಯಾರಿಗೂ ಹೂವು ಒಯ್ಯಬೇಡ, ಯಾರ ಕೈನೂ ಹಿಡೀಬೇಡ, ಯಾವ ಬಾಗಿಲಿಗೂ ಬೆನ್ನು ಕೊಡಬೇಡ. ಎಲ್ಲರಿಗೂ ಇರೋ ಕಾಟ ಯಾವುದು ಅಂತ ಕೇಳಿ, ಅದನ್ನ ಹಿಡ್ಕೊಂಡು ಬಾ."

"ಹಿಡ್ಕೊಂಡು ಬರ್ತೀನಿ ಕಣವ್ವಾ."

ಹೋದ. ಬೆಳಗ್ಗೆ ಹೋದೋನು ಸಾಯಂಕಾಲ ಬಂದ. ಮುಖ ಊದಿತ್ತು, ಕೈಯೆಲ್ಲ ಕೆಂಪಗೆ ಗಂದೆ ಗಂದೆ. ಕೈಯಾಗೆ ಒಂದು ಗಾಜಿನ ಬಾಟ್ಲಿ. ಬಾಟ್ಲಿ ಒಳಗೆ ಗುಂಯ್ ಅಂತ ಸದ್ದು.

"ಏನೋ ಇದು?"

"ಸೊಳ್ಳೆ ಕಣವ್ವಾ. ರುದ್ರಮುನಿಯವರ ಮನೇಲಿ ಕೇಳ್ದೆ, ಸೊಳ್ಳೆ ಕಾಟ ಅಂದ್ರು. ರೆಡ್ಡೇರ ಮನೇಲಿ ಕೇಳ್ದೆ, ಸೊಳ್ಳೆ ಕಾಟ ಅಂದ್ರು. ಹತ್ತೂ ಮನೇಲೂ ಅದೇ ಅಂದ್ರು. ಹಿಡ್ಕೊಂಡು ಬಾ ಅಂದಿದ್ದೆಯಲ್ಲ? ಅಲ್ಲಲ್ಲೇ ಕೂತು ಒಂದೊಂದು ಮನೇದೂ ಹಿಡಿದೆ. ಬಲೇ ಕಷ್ಟ ಕಣವ್ವಾ!"

ಬೋರಕ್ಕ ಪೊರಕೆ ತಗೊಂಡಳು. ಎತ್ತಿದಳು. "ಲೋ ಪೆದ್ದೂ! ಇದರಾಗೆ ಬುಗುರಿಯವರ ಸೊಳ್ಳೆ ಯಾವುದು, ಕೊಡೆಯವರ ಸೊಳ್ಳೆ ಯಾವುದು, ಹೇಳು ನೋಡಾಣ!"

ಓಬಳೇಶ ಬಾಟ್ಲಿ ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. "ಗೊತ್ತಾಗಲ್ಲ ಕಣವ್ವಾ. ಎಲ್ಲಾ ಒಂದೇ ಥರ ಕಚ್ತವೆ."

ಎತ್ತಿದ ಪೊರಕೆ ಹಂಗೇ ನಿಂತುಬಿಡ್ತು. ಬೋರಕ್ಕ ಆ ಬಾಟ್ಲಿ ಈಸ್ಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹರಳೆಣ್ಣೆ ತಂದು ಮಗನ ಮುಖಕ್ಕೆ, ಕೈಗೆ ಮೆತ್ತಗೆ ಹಚ್ಚಿದಳು. ಅವತ್ತು ಅವನಿಗೆ ಬೈಗುಳ ಬೀಳಲಿಲ್ಲ. ಓಬಳೇಶನಿಗೆ ಅದೇ ಭಯ ಆಯ್ತು.

"ಅವ್ವಾ, ಮುಂದಿನ ಸಲಕ್ಕೆ ಏನಾದ್ರೂ ಹೇಳವ್ವಾ!"

"ಹೇಳೋದೇನು ಮಗಾ, ಈಗ ಉಳಿದಿರೋದು ಒಂದೇ. ಅಧ್ಯಕ್ಷರ ಕುರ್ಚಿ ಒಂದು, ಆಸೆಪಡೋರು ಇಬ್ರು. ಸೀಟ್ ಶೇರಿಂಗ್ ಅಂತಾರಂತೆ ಅದಕ್ಕೆ. ಆ ಕುರ್ಚೀನ ಅರ್ಧ ಇವರಿಗೆ, ಅರ್ಧ ಅವರಿಗೆ ಹಂಚಿಕೊಟ್ರೆ ಎಲ್ಲಾ ಸರಿಹೋಗ್ತದೆ" ಅಂತ ಬೋರಕ್ಕ ಯೋಚನೆ ಮಾಡ್ತಾ ಅಂದಳು. ಮೊದಲರ್ಧ ಅವಧಿ ಒಬ್ಬರು, ಉಳಿದರ್ಧ ಇನ್ನೊಬ್ಬರು ಅಂತ ಅವಳ ಅರ್ಥ.

ಅಯ್ಯೋ! ಯಾರ ಮುಂದೆ ಹೇಳಿದಳು ನೋಡಿ!

ಸೋಮವಾರ ಬೆಳಗ್ಗೆ ಓಬಳೇಶ ಬೇಗ ಎದ್ದ. ಮರಗೆಲಸದ ಮೌನಾಚಾರಿ ಮನೆಗೆ ಹೋಗಿ ಗರಗಸ ಈಸ್ಕೊಂಡ. ಪಂಚಾಯ್ತಿ ಆಫೀಸು ಗುಡಿಸೋಕೆ ಬಾಗಿಲು ತೆಗೆದಿತ್ತು. ಒಳಗೆ ಹೋದ. ಅಧ್ಯಕ್ಷರ ಕುರ್ಚಿ, ತೇಗದ್ದು, ಎರಡು ಕೈಯಿರೋದು, ಹಿಂದೆ ಹೂವಿನ ಕೆತ್ತನೆ ಇರೋದು. ದಾರ ಹಿಡಿದು ಅಳತೆ ತಗೊಂಡ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂಗೆ ನಟ್ಟನಡುವೆ ಕೊಯ್ದ.

ಹತ್ತು ಗಂಟೆಗೆ ಎಲ್ಲರೂ ಬಂದ್ರು. ಗೋಡೆಗೆ ಎರಡು ಅರ್ಧ ಕುರ್ಚಿ ಒರಗಿದ್ವು. ಕೆಳಗೆ ಮರದ ಪುಡಿ. ಪಕ್ಕದಾಗೆ ಓಬಳೇಶ, ಮದುವೆ ಮನೆ ಬಾಗಿಲಾಗೆ ನಿಂತೋರ ಥರ ನಗ್ತಾ.

"ಬನ್ರೀ, ಬನ್ರೀ! ಇದು ನಿಮ್ಮರ್ಧ ರುದ್ರಣ್ಣಾರೇ, ಇದು ನಿಮ್ಮರ್ಧ ರೆಡ್ಡೇರೇ. ಬೇಕಾದ್ರೆ ಅಳತೆ ಮಾಡ್ಕೊಳ್ರಿ!"

ಬೋರಕ್ಕ ಅಲ್ಲೇ ಕುಸಿದು ಕೂತಳು. ತಹಶೀಲ್ದಾರ್ರು ಬಗ್ಗಿ ಮರದ ಪುಡಿ ಮುಟ್ಟಿ ನೋಡಿದ್ರು. ರುದ್ರಮುನಿ ಹಟಕ್ಕೆ ಬಿದ್ದು, "ನನ್ನ ಪಾಲು ನಾನು ಬಿಡಲ್ಲ" ಅಂತ ತನ್ನ ಅರ್ಧದ ಮೇಲೆ ಕೂತ. ಧಡಾರ್! ರೆಡ್ಡಿ ಹೊಟ್ಟೆ ಹಿಡ್ಕೊಂಡು ನಕ್ಕ. "ಕೂರೋದು ಹಿಂಗಲ್ಲ ರುದ್ರಣ್ಣಾ" ಅಂತ ತನ್ನ ಅರ್ಧದ ಮೇಲೆ ಕೂತ. ಧಡಾರ್! ಇಬ್ಬರೂ ಮರದ ಪುಡಿಯಾಗೆ ಅಂಗಾತ ಬಿದ್ದು, ಒಬ್ಬರ ಮುಖ ಒಬ್ಬರು ನೋಡಿದ್ರು. ರುದ್ರಮುನಿ ಮೀಸೆ ತುಂಬ ಪುಡಿ. ಮೊದಲು ರೆಡ್ಡಿಗೆ ನಗು ಬಂತು, ಆಮೇಲೆ ರುದ್ರಮುನಿಗೆ. ಬರ್ತಾ ಬರ್ತಾ ಹತ್ತೂ ಜನ ನಕ್ರು. ತಹಶೀಲ್ದಾರ್ರು ಫೈಲು ಮುಖಕ್ಕೆ ಹಿಡ್ಕೊಂಡ್ರು.

ಬೋರಕ್ಕ ಒಬ್ಬಳೇ ನಗಲಿಲ್ಲ. ಎದ್ದು ನಿಂತಳು. ಸೆರಗಿನಾಗಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ನಗು ನಿಂತು ಗುಂಯ್ ಅನ್ನೋ ಸದ್ದು ಕೇಳ್ತು.

"ನಿಮ್ಮ ಹತ್ತೂ ಮನೆ ಸೊಳ್ಳೆ ಇದರಾಗೈತೆ. ಎಲ್ಲಿ ಹುಟ್ಟಿದ್ವು ಇವು? ಸೇತುವೆ ಕಲ್ಲು ಬಿದ್ದು ನೀರು ನಿಂತಿರೋ ಹಳ್ಳದಾಗೆ. ಬುಗುರಿಗೂ ಕಚ್ತವೆ, ಕೊಡೆಗೂ ಕಚ್ತವೆ. ರೆಡ್ಡೇರೇ, ನಿಮ್ಮ ಮೊಮ್ಮಗಳು ಜ್ವರ ಬಂದು ಹದಿನೈದು ದಿನ ಮಲಗಿತ್ತು. ರುದ್ರಣ್ಣಾರೇ, ನಿಮ್ಮ ಸೊಸೆ ಬಸುರಿ. ನೋವು ಬಂದ ದಿನ ಹಳ್ಳ ಬಂದಿದ್ರೆ ಆಸ್ಪತ್ರೆಗೆ ಹೆಂಗೆ ಒಯ್ತೀರಿ? ನಾನು ಜಾಲಿಗಿಡ ಹಿಡ್ಕೊಂಡು ಉಳಿದೆ. ಎಲ್ಲರಿಗೂ ಜಾಲಿಗಿಡ ಸಿಗ್ತದಾ? ಯಾರು ಬೇಕಾದ್ರೂ ಅಧ್ಯಕ್ಷರಾಗ್ರಪ್ಪಾ. ಎರಡೂ ದಡ ಒಪ್ಪಿ ಸೇತುವೆ ಕಟ್ರಿ. ನನಗೆ ಬೇರೆ ಇಂಗ್ಲಿಷ್ ಬರಲ್ಲ."

ರುದ್ರಮುನಿ ಮೀಸೆ ಕೊಡವಿಕೊಂಡು ಎದ್ದ. ರೆಡ್ಡಿಗೆ ಕೈ ಕೊಟ್ಟು ಎಬ್ಬಿಸಿದ.

"ರೆಡ್ಡೇರೇ, ನೀವು ಅಧ್ಯಕ್ಷರಾದ್ರೆ ನನ್ನ ಕಡೆಯೋರು ಸುಮ್ಮನಿರಲ್ಲ."

"ನೀವಾದ್ರೆ ನನ್ನೋರೂ ಸುಮ್ಮನಿರಲ್ಲ ರುದ್ರಣ್ಣಾ."

"ಹಂಗಾದ್ರೆ ಅಕ್ಕನೇ ಆಗ್ಲಿ ಬಿಡ್ರಿ. ಅವಳ ಮೇಲೆ ಕೂಗಾಡಕ್ಕೆ ಇಬ್ಬರಿಗೂ ಹಕ್ಕಿರ್ತದೆ."

ರೆಡ್ಡಿ ತಲೆ ಆಡಿಸಿದ. "ಮಗನ್ನ ಮಾತ್ರ ದೂರ ಇಡಬೇಕು ಅಂತ ಒಂದು ಷರತ್ತು ಹಾಕಿ."

ಹಿಂಗೆ ಮಂಡಕ್ಕಿ ಬೋರಕ್ಕ ಅವಿರೋಧವಾಗಿ ಅಧ್ಯಕ್ಷೆ ಆದಳು. ಕುರ್ಚಿ ಮುರಿದಿತ್ತಲ್ಲ, ನಿಂತುಕೊಂಡೇ ಸಹಿ ಹಾಕಿದಳು. ಸೇತುವೆ ಠರಾವಿಗೆ ಮಾತ್ರ ಬೇರೆ ಸಭೆ ಕರೀಬೇಕಿತ್ತು, ಗುರುವಾರ ಅಂತ ನಿಗದಿ ಆಯ್ತು.

"ಲೋ, ಕೊಯ್ದೋನು ನೀನು, ಜೋಡಿಸೋನೂ ನೀನೇ. ಮೌನಾಚಾರಿ ಹತ್ರ ಒಯ್ದು ಸರಿ ಮಾಡಿಸ್ಕೊಂಡು ಬಾ. ನೆನಪಿಟ್ಕೋ, ಅದು ನಿಮ್ಮವ್ವನ ಕುರ್ಚಿ ಅಂತ ಬೀಗಬೇಡ. ಅದು ಹನ್ನೊಂದು ಜನರ ಕುರ್ಚಿ!" ಅಂದಳು ಬೋರಕ್ಕ.

"ಹನ್ನೊಂದು ಜನರ ಕುರ್ಚಿ. ಹೂಂ ಕಣವ್ವಾ."

ಗುರುವಾರ ಬೆಳಗ್ಗೆ ಬಜಾರಿನಾಗೆ ಗದ್ದಲ. ಮೌನಾಚಾರಿ, ಓಬಳೇಶ, ಜೊತೆಗೆ ಆರು ಜನ, ಹೆಗಲ ಮೇಲೆ ಏನೋ ಹೊತ್ಕೊಂಡು ಬರ್ತಿದಾರೆ! ಈ ತುದೀಲಿ ಒಂದು ಅರ್ಧ ಕುರ್ಚಿ, ಆ ತುದೀಲಿ ಇನ್ನೊಂದು ಅರ್ಧ ಕುರ್ಚಿ. ನಡುವೆ ಉದ್ದಕ್ಕೆ ಹಲಗೆ, ಹಲಗೆ, ಹಲಗೆ! ಹನ್ನೊಂದು ಜನ ಸಾಲಾಗಿ ಕೂರೋ ಕುರ್ಚಿ! ಕೈ ಮಾತ್ರ ಎರಡೇ.

ಪಂಚಾಯ್ತಿ ಬಾಗಿಲಾಗೆ ಅದು ತೂರಲಿಲ್ಲ. ಉದ್ದಕ್ಕೆ ಹಿಡಿದ್ರು, ಅಡ್ಡಕ್ಕೆ ಹಿಡಿದ್ರು, ಓರೆಗೆ ಹಿಡಿದ್ರು. ಊಹೂಂ!

"ಒಳಗೆ ಹೋಗಲ್ಲವಲ್ಲೋ, ನನ್ನ ಮಗನೇ!"

"ಕುರ್ಚಿ ಒಳಗೆ ಹೋಗದಿದ್ರೆ ಸಭೇನೇ ಹೊರಗೆ ಬರಲಿ ಬಿಡವ್ವಾ!"

ಸಭೆ ಹೊರಗೇ ಆಯ್ತು. ಹೊಂಗೆ ಮರದ ಕೆಳಗೆ ಕುರ್ಚಿ ಇಟ್ರು. ಒಂದು ತುದೀಲಿ ರುದ್ರಮುನಿ, ಇನ್ನೊಂದು ತುದೀಲಿ ವೀರಾರೆಡ್ಡಿ, ನಡುವೆ ಬೋರಕ್ಕ. ಪಂಚಾಯ್ತಿ ಸಭೆ ಹೆಂಗಿರ್ತದೆ ಅಂತ ಊರೋರು ಮೊದಲ ಸಲ ಕಣ್ಣಾರೆ ನೋಡಿದ್ರು. ಸ್ಕೂಲು ಮಕ್ಕಳು, ಸರ್ವಮಂಗಳಮ್ಮ, ಖಲಂದರ್ ಮೇಷ್ಟ್ರು, ಎಲ್ಲರೂ ಸುತ್ತ ನಿಂತಿದ್ರು. ಅಷ್ಟು ಜನದ ಮುಂದೆ ಜಗಳ ಆಡಕ್ಕೆ ಯಾರಿಗೂ ಬಾಯಿ ಬರಲಿಲ್ಲ.

ಬೋರಕ್ಕ ಠರಾವು ಓದಿದಳು. "ಹಳ್ಳಕ್ಕೆ ಸೇತುವೆ ಕಟ್ಟಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ!"

ರುದ್ರಮುನಿ ಎತ್ತಿದ. ರೆಡ್ಡಿ ಎತ್ತಿದ. ಹನ್ನೊಂದೂ ಕೈ ಮೇಲೆ ಹೋದ್ವು. ಸುತ್ತ ನಿಂತೋರಿಗೆ ಓಟಿಲ್ಲ, ಆದ್ರೂ ಖುಷಿ ತಡೀಲಾರದೆ ಊರಿಗೆ ಊರೇ ಕೈ ಎತ್ತಿ ಕೂಗ್ತು. ತಹಶೀಲ್ದಾರ್ರು ಬರ್ಕೊಂಡ್ರು. ಇಂಜಿನಿಯರ್ ಟೇಪು ತೆಗೆದ. ಎಲ್ಲರೂ ಬೋರಕ್ಕನ್ನ ಮುಂದಿಟ್ಕೊಂಡು, ಅಳತೆ ನೋಡಕ್ಕೆ ಹಳ್ಳದ ಕಡೆ ಹೊರಟ್ರು. ಬುಗುರಿಯವರು ಈ ದಡದಾಗೆ ಟೇಪು ಹಿಡಿದ್ರು, ಕೊಡೆಯವರು ಆ ದಡದಾಗೆ ಹಿಡಿದ್ರು. ಸಾಯಂಕಾಲದ ಹೊತ್ತಿಗೆ ಎರಡೂ ದಡಕ್ಕೆ ಗುರ್ತಿನ ಗೂಟ ಬಿದ್ವು.

ಬೋರಕ್ಕ ಮನೆಗೆ ಬಂದ್ರೆ ಮಗ ಇಲ್ಲ. ಹುಡುಕಿದಳು. ಬಜಾರಿನಾಗಿಲ್ಲ, ಮೇಷ್ಟ್ರ ಜಗಲಿ ಮೇಲಿಲ್ಲ. ಹೊಂಗೆ ಮರದ ಹತ್ರ ಬಂದಳು. ಅಲ್ಲಿ, ಯಾರೂ ಇಲ್ಲದ ಆ ಬಯಲಾಗೆ, ಉದ್ದನೆ ಕುರ್ಚಿ ಮುಂದೆ, ಓಬಳೇಶ ಒಬ್ಬನೇ ನಿಂತಿದ್ದ. ಬಲಗೈ ನೆಟ್ಟಗೆ ಆಕಾಶಕ್ಕೆ ಎತ್ತಿದ್ದ. ಎಡಗೈಯಿಂದ ಅದಕ್ಕೆ ಆಸರೆ ಕೊಟ್ಕೊಂಡಿದ್ದ. ಬೆವರು ಹರೀತಿತ್ತು.

"ಯಾಕೋ ಮಗಾ, ಏನಾಯ್ತೋ?"

"ನೀನೇ ಕೈ ಎತ್ತಿ ಅಂದೆ ಕಣವ್ವಾ. ಇಳಿಸಿ ಅಂತ ಹೇಳದೇ ಹೋಗಿಬಿಟ್ಟೆಯಲ್ಲ."

ಬೋರಕ್ಕ ಬೈಯಕ್ಕೆ ಬಾಯಿ ತೆಗೆದಳು. ನಗು ಬಂತು. ನಗಕ್ಕೆ ಹೋದ್ರೆ ಕಣ್ಣಾಗೆ ನೀರು ಬಂತು.

"ಇಳಿಸಪ್ಪಾ. ಠರಾವು ಪಾಸಾಯ್ತು" ಅಂದಳು.

ಆಗ ಇಳಿಸಿದ ನೋಡಿ.